ಸ್ಯಾಂಪಲ್ ಹಾಡಿನ ಸಂಸಾರ

ಮಹಾಂತೇಶನಿಗೆ ಹೆಂಡತಿ ಇರಲಿಲ್ಲ.

ಉಳಿದದ್ದು ಸುಮಾರಾಗಿ ಇತ್ತು. ಜರಗನಹಳ್ಳಿಯಲ್ಲಿ ಮೊದಲ ಮಹಡಿಯ ಬಾಡಿಗೆ ಕೋಣೆ, ಅದಕ್ಕೆ ಅಂಟಿಕೊಂಡ ಬಚ್ಚಲು, ಬಿಟಿಎಂ ಲೇಔಟಿನ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್ ಕೆಲಸ, ನಲವತ್ತರ ಹೊಸ್ತಿಲಿಗೆ ಬಂದ ವಯಸ್ಸು, ಇನ್ನೂ ಕಪ್ಪಾಗಿಯೇ ಇದ್ದ ಮೀಸೆ. ಅಂಗಡಿಯಲ್ಲಿ ದಿನವಿಡೀ ಅವನೆದುರು ಗಂಡ ಹೆಂಡಿರು ಬಚ್ಚಲಮನೆಯ ಟೈಲ್ಸಿಗಾಗಿ ಜಗಳವಾಡುತ್ತಿದ್ದರು. ಹೆಂಡತಿಗೆ ತಿಳಿನೀಲಿ ಬೇಕು, ಗಂಡನಿಗೆ ಕೊಳೆ ಕಾಣದ ಬಣ್ಣ ಬೇಕು. ಮಹಾಂತೇಶ ಒಂದೊಂದು ಕೈಯಲ್ಲಿ ಒಂದೊಂದು ಟೈಲ್ ಎತ್ತಿ ಹಿಡಿದು ತಕ್ಕಡಿಯ ಹಾಗೆ ನಿಂತಿರುತ್ತಿದ್ದ. ಜಗಳ ಮುಗಿಸಿ ಇಬ್ಬರೂ ಒಂದೇ ಸ್ಕೂಟರ್ ಹತ್ತಿ ಹೋಗುವುದನ್ನು ನೋಡುವಾಗ ಅವನಿಗೆ ಒಂದೇ ಯೋಚನೆ: ತನ್ನ ಜೊತೆ ಜಗಳವಾಡುವವಳೊಬ್ಬಳು ಇದ್ದಿದ್ದರೆ ತಾನು ತಿಳಿನೀಲಿಗೆ ಒಂದೇ ಮಾತಿಗೆ ಒಪ್ಪಿಬಿಡುತ್ತಿದ್ದೆ.

ಪ್ರಯತ್ನ ಪಟ್ಟಿರಲಿಲ್ಲವೆಂದಲ್ಲ. ಬನಶಂಕರಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ವಧೂವರರ ಸಮಾವೇಶದಲ್ಲಿ ಶ್ರೀದೇವಿ ಎಂಬುವಳೊಬ್ಬಳು ಮೈಕಿನಲ್ಲೇ ಅವನನ್ನು ಕೇಳಿದ್ದಳು: "ಸ್ವಂತ ಮನೆ ಇದ್ಯಾ?"

"ಐತ್ರಿ. ಅಮೀನಗಡದಾಗ."

"ಅಲ್ಲಿರೋದು ಅಲ್ಲೇ ಇರ್ಲಿ ಬಿಡಿ," ಎಂದು ಅವಳು ನಕ್ಕಿದ್ದಳು. ಮಂಟಪವೆಲ್ಲ ನಕ್ಕಿತ್ತು. ಅವಳ ನಗು ಚೆನ್ನಾಗಿತ್ತು ಎಂಬುದು ಮಹಾಂತೇಶನ ಅಭಿಪ್ರಾಯ. ಅದನ್ನು ಹೇಳಲು ಮೈಕು ಸಿಗಲಿಲ್ಲ.

ಮನೆಯ ಮಾಲೀಕರು ಮರುಳಸಿದ್ದಪ್ಪನವರು ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಮನೆಗೆ ಆರ್‌ಸಿಸಿ ಹಾಕಿಸುವಾಗ ಪ್ರತಿ ಕೋಣೆಯ ಸೂರಿನಲ್ಲೂ ಎರಡು ಕೊಂಡಿ ಇಡಿಸಿದ್ದರು, ಫ್ಯಾನಿಗೊಂದು, ತೊಟ್ಟಿಲಿಗೊಂದು. ಅವರ ಮನೆಯಲ್ಲಿ ಮಕ್ಕಳಾಗಲಿಲ್ಲ. ಕೊಂಡಿಗಳೆಲ್ಲ ಬಾಡಿಗೆಗೆ ಹೋದವು. ಮಹಾಂತೇಶ ತನ್ನ ಪಾಲಿನ ತೊಟ್ಟಿಲ ಕೊಂಡಿಗೆ ಬಾಳೆಹಣ್ಣಿನ ಚಿಪ್ಪು ನೇತುಹಾಕುತ್ತಿದ್ದ. ಇಲಿಕಾಟ.

ಮಾಲೀಕರ ಹೆಂಡತಿ ಜಯದೇವಮ್ಮನವರು ಬ್ಯಾಚುಲರ್‌ಗಳನ್ನು ಏಕವಚನದಲ್ಲೇ ಮಾತಾಡಿಸುವ ಪದ್ಧತಿ ಇಟ್ಟುಕೊಂಡಿದ್ದರು. "ಏ ಮಾಂತೇಶ, ಮೋಟ್ರು ಆಫ್ ಮಾಡೋ," ಎಂಬುದು ದಿನಕ್ಕೊಮ್ಮೆ ಅವನಿಗೆ ಕೇಳಿಸುವ ಹೆಣ್ಣುದನಿ. ಅದು ನಿಂತರೆ ಉಳಿಯುವುದು ಫ್ಯಾನಿನ ಸದ್ದು. ಕೋಣೆಯಲ್ಲಿ ಇನ್ನೊಂದು ಸದ್ದು ಇರಲಿ ಎಂದು ಅವನು ಒಂದು ಸಂಜೆ ಸಾರಕ್ಕಿ ಸಿಗ್ನಲ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದ.

ಅಂಗಡಿಯ ಸುಮೇಧ ಗಾಜಿನ ಪೆಟ್ಟಿಗೆಯಿಂದ ದಪ್ಪನೆಯ ಫೋನೊಂದನ್ನು ತೆಗೆದ. "ನಿನಾದ್ ಪ್ಲಸ್ ಸಾರ್. ಬೇರೆ ಫೋನಲ್ಲಿ ಹಾಡು ಎಕ್ಸ್‌ಟ್ರಾ. ಇದ್ರಲ್ಲಿ ಫೋನೇ ಎಕ್ಸ್‌ಟ್ರಾ."

"ಯಾರರೆ ಫೋನ್ ಹಚ್ಚಿದ್ರ ಹೆಂಗ ಎತ್ತೂದು?"

"ಅದೊಂಚೂರು ಕಷ್ಟ. ಪಕ್ಕದಲ್ಲಿ ಚಕ್ರ ಇದ್ಯಲ್ಲ, ಅದನ್ನ ಕೆಳಗುಜ್ಜಬೇಕು. ಮೇಲುಜ್ಜಿದ್ರೆ ಕಟ್ ಆಗ್ಹೋಗುತ್ತೆ. ನಿಮಗ್ಯಾರು ಸಾರ್ ಫೋನ್ ಮಾಡ್ತಾರೆ?"

ತನಗೆ ಯಾರೂ ಫೋನ್ ಮಾಡುವುದಿಲ್ಲವೆಂದು ಮುಖ ನೋಡಿಯೇ ಗೊತ್ತಾಗುತ್ತದೆಯೇ ಎಂದು ಮಹಾಂತೇಶ ಯೋಚಿಸುತ್ತಿರುವಾಗ ಸುಮೇಧ ಫೋನನ್ನು ಚಾರ್ಜರಿಗೆ ಚುಚ್ಚಿದ. ಎಡಗಡೆಯಿಂದ ಕೂಸೊಂದು ಕೊಸರಾಡಿ ಅತ್ತಿತು. ಬಲಗಡೆ ಬಳೆ ಸದ್ದಾಯಿತು. ಒಬ್ಬ ಹೆಂಗಸು ಉಸಿರೆಳೆದುಕೊಂಡು, ಪದವಿಲ್ಲದೆ, ಬಾಯಿ ಮುಚ್ಚಿ ಜೋಗುಳ ಗುನುಗತೊಡಗಿದಳು. ಮಹಾಂತೇಶ ಹಿಂದೆ ತಿರುಗಿ ನೋಡಿದ. ಹಿಂದೆ ಚಾರ್ಜರ್ ಕೇಬಲ್‌ಗಳು ನೇತಾಡುತ್ತಿದ್ದವು.

"ಸ್ಯಾಂಪಲ್ ಹಾಡು ಸಾರ್. ಸ್ಪೀಕರ್ ಎಷ್ಟು ಕ್ಲಿಯರ್ ಅಂತ ತೋರಿಸೋಕೆ ಕಂಪನಿಯವ್ರೇ ಹಾಕಿರ್ತಾರೆ. ಮಗು ಉಸಿರಾಡೋದೂ ಕೇಳ್ಸುತ್ತೆ, ನೋಡಿ."

ಮಹಾಂತೇಶ ಕೊಂಡ.

ಈ ಫೋನನ್ನು ರೂಪಿಸಿದವರಿಗೆ ಹೆಬ್ಬೆರಳು ಇರಲಿಲ್ಲವೆಂದು ಕಾಣುತ್ತದೆ. ಹಾಡು ಶುರುಮಾಡುವ ಕಿತ್ತಳೆ ಗುಂಡಿ ಬೆನ್ನಿನ ಮೇಲೆ, ಹಿಡಿದರೆ ಬೆರಳು ಬೀಳುವ ಜಾಗದಲ್ಲೇ ಇತ್ತು. ಹಾಡು ನಿಲ್ಲಿಸಲು ಅದೇ ಗುಂಡಿಯನ್ನು ಒತ್ತಿ ಹಿಡಿಯಬೇಕು. ಒತ್ತಿ ಹಿಡಿದರೆ ಮೊದಲು ದನಿ ಏರುತ್ತದೆ, ಏರಿ ಏರಿ ಓಣಿಗೆಲ್ಲ ಕೇಳಿಸಿದ ಮೇಲೆ ನಿಲ್ಲುತ್ತದೆ. ತನ್ನಿಷ್ಟದ ಹಾಡು ತುಂಬಿಸಲು ಕಂಪನಿಯ ಆ್ಯಪಿನಲ್ಲಿ ಖಾತೆ ತೆರೆಯಬೇಕು. ಖಾತೆಗೆ ಪಾಸ್‌ವರ್ಡ್ ಬೇಕು. ಮಹಾಂತೇಶ ಕೊಟ್ಟ ಪಾಸ್‌ವರ್ಡನ್ನೆಲ್ಲ ಫೋನು 'ದುರ್ಬಲ' ಎಂದು ತಿರಸ್ಕರಿಸಿತು. ಹೀಗಾಗಿ ಅದರೊಳಗೆ ಉಳಿದದ್ದು ಸ್ಯಾಂಪಲ್ ಹಾಡೊಂದೇ. ಬ್ಯಾಟರಿ ಊರಿನ ಕೆರೆಯ ಹಾಗೆ ಬೇಗ ಬತ್ತುತ್ತಿದ್ದುದರಿಂದ ಅದನ್ನು ಕೋಣೆಯಲ್ಲೇ ಚಾರ್ಜಿಗೆ ಹಾಕಿಟ್ಟು, ಹಳೆಯ ಫೋನನ್ನು ಜೇಬಿಗಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಹಾಡುವಾಗ ಅದು ಗಡಗಡ ನಡುಗಿ ಮಂಚದ ಅಂಚಿನತ್ತ ನಡೆದುಬರುತ್ತಿತ್ತು. ಬೀಳದಿರಲೆಂದು ಎರಡು ದಿಂಬಿನ ನಡುವೆ ಮಲಗಿಸಿ ಟವೆಲ್ ಸುತ್ತುತ್ತಿದ್ದ.

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹೋದ ಕರೆಂಟು ಚಾರ್ಜರಿಗೆ ಮತ್ತೆ ಬಂದ ಕೂಡಲೇ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ, ಈ ಫೋನು ತಾನಾಗಿ ಹಾಡುತ್ತದೆ. ಇದಕ್ಕೆ ಕಂಪನಿ ಇಟ್ಟ ಹೆಸರು 'ಮನೆಗೆ ಸ್ವಾಗತ'. ಜರಗನಹಳ್ಳಿಯಲ್ಲಿ ಕರೆಂಟು ದಿನದಲ್ಲಿ ಹಲವು ಬಾರಿ ಹೋಗಿ ಹಲವು ಬಾರಿ ಬರುತ್ತದೆ. ಇದು ಕಂಪನಿಗೆ ಗೊತ್ತಿಲ್ಲದ ಸಂಗತಿ.

ಒಂದು ಮಧ್ಯಾಹ್ನ ಜಯದೇವಮ್ಮ ಟೆರೇಸಿನ ಮೇಲೆ ಹಪ್ಪಳ ಹರಡಿ ಇಳಿಯುತ್ತಿದ್ದಾಗ ಕರೆಂಟು ಬಂತು. ಬೀಗ ಹಾಕಿದ ಕೋಣೆಯೊಳಗೆ ಮಗು ಅತ್ತಿತು. ಬಳೆ ಸದ್ದಾಯಿತು. ಹೆಂಗಸು ಗುನುಗಿದಳು. ಜಯದೇವಮ್ಮ ಕಿಟಕಿಯ ಸಂದಿಗೆ ಕಣ್ಣು ಹಚ್ಚಿದರು. ಕತ್ತಲು, ಮಂಚ, ದಿಂಬುಗಳ ನಡುವೆ ಬಿಳಿ ಟವೆಲಿನಲ್ಲಿ ಸುತ್ತಿದ ಪುಟ್ಟ ಗಂಟು. ಗಂಟು ಅಲುಗಾಡುತ್ತಿತ್ತು.

ಕೆಳಗೆ ಬಂದು ಅವರು ಗಂಡನಿಗೆ ಹೇಳಿದರು: "ರೀ, ಮಾಂತೇಶ ಬಾಣಂತಿನ ಒಳಗೆ ಕೂಡ್ಹಾಕಿ ಬೀಗ ಜಡಿದು ಹೋಗ್ತಾನೆ."

"ಬ್ಯಾಚುಲರ್ ಅಂತಲ್ವೇನೇ ಕೊಟ್ಟಿದ್ದು?" ಎಂದರು ಮರುಳಸಿದ್ದಪ್ಪ. "ನೀರು ಯಾಕೆ ಬೇಗ ಖಾಲಿಯಾಗುತ್ತೆ ಅಂತ ಈಗ ಗೊತ್ತಾಯ್ತು."

"ನಿಮಗೆ ನೀರಿನ ಚಿಂತೆ. ಬಾಣಂತಿ ಕೋಣೆ ಅಂದ್ರೆ ಕತ್ಲಲ್ಲೇ ಇರ್ಬೇಕು, ಗಾಳಿ ಆಡಬಾರ್ದು. ಅಷ್ಟು ಮಟ್ಟಿಗೆ ಹುಡುಗನಿಗೆ ಬುದ್ಧಿ ಇದೆ. ಮನೆಯವ್ರು ಒಪ್ಪದ ಮದ್ವೆ ಇರ್ಬೇಕು, ಪಾಪ, ಮುಚ್ಚಿಟ್ಟಿದ್ದಾನೆ."

ಹೀಗೆ ಮಹಾಂತೇಶನ ಪ್ರೇಮವಿವಾಹ ಅವನು ಟೈಲ್ಸ್ ಎತ್ತಿ ಹಿಡಿದು ನಿಂತಿದ್ದ ಹೊತ್ತಿನಲ್ಲಿ ನೆರವೇರಿತು.

ಅಂದು ಸಂಜೆ ಜಯದೇವಮ್ಮ ಟಿಫಿನ್ ಕ್ಯಾರಿಯರ್ ತಂದು ಅವನ ಕೈಗಿಟ್ಟರು. "ಇದು ನಿಮಗಲ್ಲ. ಒಳಗಿರೋರಿಗೆ. ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದು ಹಾಕಿದೀನಿ. ಬಿಸಿ ಇರೋವಾಗ್ಲೇ ಕೊಡಿ." ಅವನು ಬಾಯಿ ತೆರೆಯುವುದರೊಳಗೆ ಇಳಿದು ಹೋದರು.

ಮಹಾಂತೇಶ ಒಳಗೆ ಹೋಗಿ ನೋಡಿದ. ಒಳಗಿರುವವನು ತಾನೊಬ್ಬನೇ. ಅನ್ನದ ಮೇಲೆ ತುಪ್ಪ ಇನ್ನೂ ಹರಿಯುತ್ತಿತ್ತು. ನ್ಯಾಯವಾಗಿ ಅವನು ಕ್ಯಾರಿಯರನ್ನು ಹಾಗೆಯೇ ಕೆಳಗೆ ಒಯ್ದು ವಿಚಾರಿಸಬೇಕಿತ್ತು. ಹೋಟೆಲಿನ ಊಟ ತಿಂದು ವರ್ಷಗಳನ್ನು ಕಳೆದವನಿಗೆ ನ್ಯಾಯ ನೆನಪಾದದ್ದು ಊಟವಾದ ಮೇಲೆ. ಕ್ಯಾರಿಯರ್ ತೊಳೆದು ಹಿಂದಿರುಗಿಸುವಾಗ ಜಯದೇವಮ್ಮ ಕೇಳಿದರು: "ಕುಡಿದ್ಲಾ? ಖಾರ ಜಾಸ್ತಿ ಅಂದ್ಲಾ? ಮಗು ಮಧ್ಯಾಹ್ನ ಅಳ್ತಿತ್ತು."

ಆಗ ಅವನಿಗೆ ಎಲ್ಲ ಹೊಳೆಯಿತು. ಬಾಗಿಲಲ್ಲಿ ನಿಂತ ಜಯದೇವಮ್ಮನ ಮುಖದಲ್ಲಿ ಅವನು ಎಂದೂ ನೋಡದ ಒಂದು ಬೆಳಕಿತ್ತು. ಜೊತೆಗೆ, ಅವರು ಸಂಜೆಯಿಂದ ಅವನನ್ನು 'ನೀವು' ಎನ್ನುತ್ತಿದ್ದರು.

"ಸಾರು ಭಾಳ ಚಲೋ ಆಗಿತ್ತಂತ್ರಿ," ಎಂದ ಮಹಾಂತೇಶ.

"ಹೆಸರೇನು?"

"ಶ್ರೀದೇವಿ ರೀ." ಬಾಯಿಗೆ ಬಂದದ್ದು ಅದೊಂದೇ ಹೆಸರು.

"ಗಂಡೋ, ಹೆಣ್ಣೋ?"

ಇದನ್ನು ಅವನು ಯೋಚಿಸಿರಲಿಲ್ಲ. ಅಳುವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಂಡ. "ಹೆಣ್ಣು ರೀ."

ಮರುದಿನದಿಂದ ಮಹಾಂತೇಶ ಸಂಸಾರಸ್ಥನಾದ. ಸಂಸಾರಸ್ಥನಿಗೆ ನೀರು ಮೊದಲು ಬಿಡುತ್ತಾರೆ, ದಿನಾ ಸಂಜೆ ಕ್ಯಾರಿಯರ್ ಕಳಿಸುತ್ತಾರೆ. ಟೆರೇಸಿನ ತಂತಿಯಲ್ಲಿ ಬಟ್ಟೆ ಒಣಹಾಕಲು ಜಾಗ ಕೊಡುತ್ತಾರೆ. ಮರುಳಸಿದ್ದಪ್ಪನವರು ಓದಿ ಮುಗಿಸಿದ ಪೇಪರನ್ನು ಮೇಲಕ್ಕೆ ಕಳಿಸಿ, "ಹೆಣ್ಮಗು ಅಂದ್ರೆ ಈಗಿಂದ್ಲೇ ಪ್ಲಾನ್ ಮಾಡ್ಬೇಕು ಮಹಾಂತೇಶ್ ಅವ್ರೇ," ಎಂದು ಸಲಹೆ ಕೊಡುತ್ತಾರೆ. ಅವನೂ ತನ್ನ ಕರ್ತವ್ಯದಲ್ಲಿ ಹಿಂದೆ ಬೀಳಲಿಲ್ಲ. ಬರುವಾಗ ಮೊಳ ಮಲ್ಲಿಗೆ ತರುತ್ತಿದ್ದ. ಹಳೆಯ ಲುಂಗಿಯನ್ನು ಚೌಕ ಚೌಕವಾಗಿ ಹರಿದು, ಒದ್ದೆ ಮಾಡಿ, ತಂತಿಗೆ ಹಾಕುತ್ತಿದ್ದ. ಬಾಣಂತಿಗೆ ವರ್ಜ್ಯವೆಂದು ಜಯದೇವಮ್ಮ ಎಚ್ಚರಿಸಿದ ಮೇಲೆ ಬಾಳೆಹಣ್ಣು ತರುವುದನ್ನೂ ಬಿಟ್ಟ. ತೊಟ್ಟಿಲ ಕೊಂಡಿ ಖಾಲಿಯಾಯಿತು.

ಸಂಜೆ ಬಾಗಿಲು ಹಾಕಿಕೊಂಡು ಫೋನಿಗೆ ತಾನೇ ಕರೆಂಟು ಕೊಡುತ್ತಿದ್ದ. ಎಡಗಡೆ ಮಗು, ಬಲಗಡೆ ಅವಳು. ಮಧ್ಯೆ ಮಲಗುತ್ತಿದ್ದ. ಅವಳು ಹಾಡಿನ ನಡುವೆ ಒಂದು ಕಡೆ ಸಣ್ಣಗೆ ಕೆಮ್ಮುತ್ತಿದ್ದಳು. ಕಂಪನಿಯವರು ಅದನ್ನು ತೆಗೆಯಲು ಮರೆತಿದ್ದರು. ಅದು ಬರುವ ಹೊತ್ತಿಗೆ ಮಹಾಂತೇಶ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಕೆಮ್ಮು ಬಂದ ಮೇಲೆ, "ನೀರು ಕುಡೀ," ಎನ್ನುತ್ತಿದ್ದ.

ಪೋಲಿಯೋ ಭಾನುವಾರ ಬಂತು. ಬೂತಿಗೆ ಬಾರದ ಮಕ್ಕಳಿಗಾಗಿ ಮರುದಿನ ಮನೆಮನೆಗೆ ಬಂದ ಆರೋಗ್ಯ ಇಲಾಖೆಯ ಮೇಡಂ ಅವನ ಬಾಗಿಲು ತಟ್ಟಿದರು. ಮಹಾಂತೇಶನಿಗೆ ಅಂದು ರಜೆ.

"ಮಗು ಕರ್ಕೊಂಬನ್ನಿ ಸಾರ್. ಎರಡು ಹನಿ, ಅಷ್ಟೇ."

"ಮಲಗೈತ್ರಿ."

"ಮಲಗಿದ್ರೂ ಪರ್ವಾಗಿಲ್ಲ, ಬಾಯಿ ಬಿಡಿಸಿ ಹಾಕ್ತೀನಿ. ಜಾಗ ಬಿಡಿ."

"ಬ್ಯಾಡ್ರಿ. ಎದ್ದರ ನಿಲ್ಸೂದು ಭಾಳ ತ್ರಾಸ ಐತ್ರಿ. ಒತ್ತಿ ಹಿಡೀಬೇಕಾಕ್ಕೈತಿ."

ಮೇಡಂ ಅವನನ್ನು ಒಂದು ಕ್ಷಣ ದಿಟ್ಟಿಸಿದರು. ನಂತರ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಗುಣಾಕಾರ ಚಿಹ್ನೆ ಎಳೆದರು. ಹನಿ ಹಾಕಿಸಿಕೊಳ್ಳದ ಮಗು ಇರುವ ಮನೆ ಎಂದರ್ಥ. ಇಡೀ ಬೀದಿಯಲ್ಲಿ ಅಂಥ ಮನೆ ಅದೊಂದೇ.

ಜಯದೇವಮ್ಮನಿಗೆ ಅದು ತಮ್ಮ ಹಣೆಯ ಮೇಲೇ ಎಳೆದಂತಾಯಿತು. ಮೆಟ್ಟಿಲ ಬುಡದಲ್ಲಿ ಅವನನ್ನು ಹಿಡಿದು ನಿಲ್ಲಿಸಿದರು. "ಹನಿ ಹಾಕ್ಸಿಲ್ಲ. ಹೆಸರಿಟ್ಟಿಲ್ಲ. ಲಿಂಗಾನಾದ್ರೂ ಕಟ್ಸಿದೀರೋ ಇಲ್ವೋ?"

"ಇಲ್ರಿ."

"ಶಿವ ಶಿವಾ! ನಮ್ಮ ಮನೆ ಸೂರಿನ ಕೆಳಗೆ ಲಿಂಗ ಇಲ್ಲದ ಕೂಸು! ಬರೋ ಸೋಮವಾರ ಬೆಳಿಗ್ಗೆ ನಮ್ಮ ಜಂಗಮರು ಗೌರೀಶಂಕರಯ್ಯನವ್ರನ್ನ ಕರೆಸ್ತೀನಿ. ಲಿಂಗ ಕಟ್ಟಿ, ತೊಟ್ಟಿಲಿಗೆ ಹಾಕಿ, ಹೆಸರಿಟ್ಟುಬಿಡೋಣ. ನೀವೇನೂ ಹೇಳ್ಬೇಡಿ."

ಅವನು ವಾರವಿಡೀ ತಲೆ ತಗ್ಗಿಸಿ ಮೆಟ್ಟಿಲು ಹತ್ತಿಳಿದ. ಭಾನುವಾರ ಸಂಜೆ, ಇನ್ನು ಹೇಳದೆ ಗತಿಯಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಕೆಳಗಿಳಿದ. ಹಜಾರದಲ್ಲಿ ಜಯದೇವಮ್ಮ ಅಟ್ಟದಿಂದ ಇಳಿಸಿದ ಹಳೆಯ ಮರದ ತೊಟ್ಟಿಲಿಗೆ ಎಣ್ಣೆ ಸವರುತ್ತಿದ್ದರು. ಅದರಲ್ಲಿ ಯಾರನ್ನೂ ಮಲಗಿಸಿದ ಗುರುತಿರಲಿಲ್ಲ. ಗಂಡ ಹೆಂಡಿರು ತೊಟ್ಟಿಲ ಬಟ್ಟೆಯ ಬಣ್ಣಕ್ಕಾಗಿ ಜಗಳವಾಡುತ್ತಿದ್ದರು.

"ಹಸಿರೇ ಇರ್ಲಿ. ಕೊಳೆ ಕಾಣಲ್ಲ," ಎಂದರು ಮರುಳಸಿದ್ದಪ್ಪ.

"ಕೂಸಿನ ತೊಟ್ಟಿಲಿಗೆ ಕೊಳೆ ಲೆಕ್ಕ ಹಾಕ್ತೀರಲ್ಲ ನೀವು! ಮಹಾಂತೇಶ್ ಅವ್ರೇ, ನೀವೇ ಹೇಳಿ. ಮಗು ನಿಮ್ದು. ಯಾವ ಬಣ್ಣ?"

ಬಣ್ಣದ ಜಗಳದಲ್ಲಿ ಅವನ ಮಾತು ಕೇಳಿದವರು ಈವರೆಗೆ ಯಾರೂ ಇರಲಿಲ್ಲ.

"ತಿಳಿನೀಲಿ ರೀ," ಎಂದು ಹೇಳಿ ಅವನು ಮೇಲೆ ಹೋದ.

ಅವನಿಗೆ ಗೊತ್ತಿರದ ಇನ್ನೊಂದು ವ್ಯವಸ್ಥೆಯನ್ನೂ ಜಯದೇವಮ್ಮ ಮಾಡಿದ್ದರು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಕೋಣೆ ಕೊಡುವ ಮೊದಲು ಬಂದು ಮಾತಾಡಿ ಹೋಗಿದ್ದ ಅವನ ಅಕ್ಕ ದುಂಡವ್ವನ ನಂಬರು ಅವರ ಹತ್ತಿರ ಇತ್ತು. ಸೋಮವಾರ ಬೆಳಕು ಹರಿಯುತ್ತಲೇ ದುಂಡವ್ವ ಬಸ್ಸಿಳಿದು, ಬುಟ್ಟಿ ಹೊತ್ತು, ಓಣಿಯ ತುದಿಯಿಂದಲೇ ಶುರುಮಾಡಿದಳು.

"ಏ ಮಾಂತ್ಯಾ! ಲಗ್ನಕ್ಕ ಅಕ್ಕನ್ನ ಕರೀಲಿಲ್ಲಲ್ಲೋ! ಹೋಗ್ಲಿ, ಕೂಸು ಹುಟ್ಟಿದ್ದರೆ ಹೇಳಬಾರ್ದೇನೋ? ಊರ ಮಂದಿಗೆ ನಾ ಏನಂತ ಹೇಳ್ಲಿ? ಅಂಟಿನುಂಡಿ ಕಟ್ಟಾಕ ಎರಡು ದಿನ ಹಿಡೀತು ನನಗ!" ಬುಟ್ಟಿಯಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ, ಅದರ ಮೇಲೆ ಇಳಕಲ್ಲಿನ ಖಣದಲ್ಲಿ ಹೊಲಿದ ಪುಟ್ಟ ಕುಂಚಿಗೆ ಇತ್ತು. ಎಳೆಗೂಸಿನ ತಲೆಗೆ ಹಾಕಿದರೆ ಬೆನ್ನಿನವರೆಗೆ ಇಳಿಬೀಳುವಂಥದು, ಅಂಚಿಗೆ ಕನ್ನಡಿ ಚೂರು ಹಚ್ಚಿದ್ದು.

ಅದೇ ಹೊತ್ತಿಗೆ ಗೌರೀಶಂಕರಯ್ಯನವರು ವಿಭೂತಿ ಧರಿಸಿ, ಪುಟ್ಟ ಲಿಂಗವಿದ್ದ ಬೆಳ್ಳಿ ಬಟ್ಟಲು ಹಿಡಿದು ಬಂದರು. ಮರುಳಸಿದ್ದಪ್ಪ ತೊಟ್ಟಿಲು ಹೊತ್ತರು. ಜಯದೇವಮ್ಮ ಆರತಿ ತಟ್ಟೆ ಹಿಡಿದರು. ಮೆರವಣಿಗೆ ಮೆಟ್ಟಿಲು ಹತ್ತಿತು. ಮಹಾಂತೇಶ ಬಾಗಿಲಿಗೆ ಅಡ್ಡ ನಿಂತಿದ್ದ. ದುಂಡವ್ವ ಅವನನ್ನು ಒಂದೇ ಕೈಯಲ್ಲಿ ಸರಿಸಿ ಒಳಗೆ ಹೋದಳು.

ಮಂಚದ ಮೇಲೆ ಟವೆಲಿನ ಗಂಟು. ದುಂಡವ್ವ ಎರಡೂ ಕೈಯಲ್ಲಿ ಎತ್ತಿಕೊಂಡಳು, ಎದೆಗೆ ಒತ್ತಿಕೊಂಡಳು, ಬಿಚ್ಚಿದಳು.

ಒಳಗಿದ್ದದ್ದು ದಪ್ಪನೆಯ ಫೋನು. ಜಯದೇವಮ್ಮ ಬಚ್ಚಲು ನೋಡಿದರು, ಮಂಚದ ಕೆಳಗೆ ನೋಡಿದರು, ಬಾಗಿಲ ಹಿಂದೆ ನೋಡಿದರು. "ಮಗು ಎಲ್ಲಿ? ಶ್ರೀದೇವಿ ಎಲ್ಲಿ? ಏನ್ ಮಾಡ್ದೆ ಅವರನ್ನ?"

"ಅಮ್ಮಾರ, ಇಬ್ರೂ ಇದರಾಗ ಅದಾರ್ರಿ," ಎಂದು ಮಹಾಂತೇಶ ಫೋನು ತೋರಿಸಿದ. "ಹಾಡು ರೀ ಅದು. ಕೇಳ್ಸಿ ತೋರಸ್ತೇನ್ರಿ."

ಚಾರ್ಜರಿಗೆ ಚುಚ್ಚಿದ. ಫೋನು ಸುಮ್ಮನಿತ್ತು. ಕಿತ್ತಳೆ ಗುಂಡಿ ಒತ್ತಿದ. ಸುಮ್ಮನಿತ್ತು. ಪರದೆಯ ಮೇಲೆ ಒಂದು ಒಕ್ಕಣೆ ಇತ್ತು. ಮರುಳಸಿದ್ದಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: ಗ್ರಾಹಕರ ದೂರುಗಳ ಮೇರೆಗೆ ನಿಮ್ಮ ನಿನಾದ್ ಪ್ಲಸ್ ಸುಧಾರಿಸಿದೆ. 'ಮನೆಗೆ ಸ್ವಾಗತ' ಇನ್ನು ಇರುವುದಿಲ್ಲ. ಸ್ಯಾಂಪಲ್ ಹಾಡನ್ನು ತೆಗೆದು ಜಾಗ ಮಾಡಿಕೊಟ್ಟಿದ್ದೇವೆ.

"ಇದನ್ನ ನಾನು ನಂಬಬೇಕಾ?" ಎಂದು ಅವರು ಪೊಲೀಸರಿಗೆ ಫೋನ್ ಮಾಡಿದರು.

ಬೈಕಿನಲ್ಲಿ ಬಂದ ಹೆಡ್ ಕಾನ್‌ಸ್ಟೆಬಲ್ ಮಾರಯ್ಯನವರು ಮಂಚದ ಮೇಲೆ ಕುಳಿತು ವಿಚಾರಣೆ ಶುರುಮಾಡಿದರು.

"ಕಾಣೆಯಾದ ಮಗು ಹೆಸರು?"

"ಇಡೋಕೇ ಬಂದಿದ್ದು ಸಾರ್," ಎಂದರು ಜಯದೇವಮ್ಮ.

"ನೀವು ನೋಡಿದೀರಾ?"

"ದಿನಾ ಕೇಳಿದೀನಿ. ಅವಳ ಕೆಮ್ಮೂ ಕೇಳಿದೀನಿ. ಕಷಾಯ ಬೇರೆ ಮಾಡಿ ಕಳ್ಸಿದೀನಿ."

"ಅಕ್ಕಾರೆ, ನೀವು ನೋಡಿದೀರಾ?"

"ಲಗ್ನಾನ ನೋಡಿಲ್ರಿ ನಾನು!" ಎಂದಳು ದುಂಡವ್ವ.

ಮಾರಯ್ಯನವರು ಗೌರೀಶಂಕರಯ್ಯನವರತ್ತ ತಿರುಗಿದರು. ಅವರು, "ನಾನು ಲಿಂಗ ಕಟ್ಟೋಕೆ ಬಂದವನು. ಕಟ್ಟಿಸಿಕೊಳ್ಳೋರು ಇದ್ದರೆ ಹೇಳಿ, ಇನ್ನೊಂದು ಮನೆಗೆ ಹೋಗೋದಿದೆ," ಎಂದರು.

ಅಂಗಡಿಯಲ್ಲಿ ಇನ್ನೊಂದು ಅಂಥದೇ ಫೋನು ಇದೆ, ಅದನ್ನು ತರಿಸಿ ಎಂದು ಮಹಾಂತೇಶ ಕೈಮುಗಿದ. ಮಾರಯ್ಯನವರು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸಾರಕ್ಕಿಗೆ ಹೋದರು. ಬರುವಾಗ ಮೂವರಾಗಿದ್ದರು. ನಡುವೆ ಸುಮೇಧ ಗಾಜಿನ ಪೆಟ್ಟಿಗೆಯ ಡಿಸ್‌ಪ್ಲೇ ಪೀಸನ್ನು ಎದೆಗವಚಿಕೊಂಡು ಕೂತಿದ್ದ.

ಚಾರ್ಜರಿಗೆ ಚುಚ್ಚಿದರು. ಎಡಗಡೆ ಮಗು ಕೊಸರಾಡಿ ಅತ್ತಿತು. ಬಲಗಡೆ ಬಳೆ. ಅವಳು ಉಸಿರೆಳೆದುಕೊಂಡು ಗುನುಗಿದಳು.

ಮಾರಯ್ಯನವರು ಟೋಪಿ ತೆಗೆದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಜಯದೇವಮ್ಮ ತಟ್ಟೆ ಹಿಡಿದೇ ಕೊನೆಯವರೆಗೂ ಕೇಳಿದರು. ಕೆಮ್ಮು ಬರುವ ಮೊದಲೇ ಅವರೂ ಮಹಾಂತೇಶನೂ ಒಟ್ಟಿಗೆ ತಲೆ ಎತ್ತಿದರು. ಅವಳು ಕೆಮ್ಮಿದಳು.

"ಸಾರು ದಿನಾ ಯಾರು ಕುಡೀತಿದ್ದಿದ್ದು?" ಎಂದು ಕೇಳಿದರು ಜಯದೇವಮ್ಮ.

"ನಾನ ರೀ."

"ಕಷಾಯಾನೂ?"

"ಕಷಾಯಾನೂ ರೀ."

ಅವರು ಆರತಿಯ ಬತ್ತಿಯನ್ನು ಬೆರಳಿನಿಂದ ಆರಿಸಿದರು. ಹಾಡು ಮತ್ತೆ ಮೊದಲಿನಿಂದ ಶುರುವಾಯಿತು.

"ಸಾಕು ನಿಲ್ಲಿಸ್ರಪ್ಪ," ಎಂದು ಮಾರಯ್ಯನವರು ಫೋನನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿ ಹಿಡಿದರು. ದನಿ ಏರಿತು. ಗಾಬರಿಯಾಗಿ ಚಕ್ರ ಉಜ್ಜಿದರು. ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಅದರ ಉತ್ತರದ ಜಾಗ ಅವರ ಹೆಬ್ಬೆರಳಿನ ಕೆಳಗೇ ಇತ್ತು.

"ಸಾರ್, ಬೆರಳು ತೆಗೀರಿ, ಅಪ್‌ಡೇಟ್ ಆಗುತ್ತೆ!" ಎಂದು ಸುಮೇಧ ಕೂಗುವಷ್ಟರಲ್ಲಿ ಆಗಿಹೋಗಿತ್ತು, ಇದರ ಹಾಡೂ ಅಳಿಸಿಹೋಗಿತ್ತು. ಅವನು ಫೋನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಮುಖ ಅರಳಿತು. "ಈಗ ಸಖತ್ ಆಗಿದೆ ಸಾರ್. ಒಂದೇ ಒತ್ತಿಗೆ ನಿಲ್ಲುತ್ತೆ."

ಮಹಾಂತೇಶ ಕೇಳಿದ: "ಆಕಿ ಯಾರು, ಎಲ್ಲಿಯಾಕಿ, ಕಂಪನಿಯವರಿಗೆ ಗೊತ್ತಿರ್ತೈತೇನ್ರಿ?"

"ಯಾರು ಸಾರ್?"

"ಹಾಡಿದಾಕಿ."

"ಹಾಡ್ದೋರ್ ಹೆಸರು ಹಾಕಿಲ್ಲ ಸಾರ್. ಸ್ಯಾಂಪಲ್ ಅಲ್ವಾ."

ಹೆಸರಿಡುವಾಗ ಸೋದರತ್ತೆ ಮಗುವಿನ ಕಿವಿಯಲ್ಲಿ ಕುರ್ರ್ ಎನ್ನುತ್ತಾಳೆ, ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಇದು ಅಮೀನಗಡದ ಕಡೆಯ ಪದ್ಧತಿ. ಅಂದು ಗುದ್ದಿದವಳು ಸೋದರತ್ತೆ. ಮಹಾಂತೇಶನ ಬೆನ್ನಿಗೆ ಒಂದೇ ಒಂದು ಬಿತ್ತು. ಬಿದ್ದ ಮೇಲೆ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. "ಅಂಟಿನುಂಡಿ ನೀನ ತಿನ್ನು. ಸೊರಗೀದಿ," ಎಂದು ದುಂಡವ್ವ ಕುಂಚಿಗೆಯನ್ನು ಮಡಚಿ ಬುಟ್ಟಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸು ಹಿಡಿದಳು.

ಮರುಳಸಿದ್ದಪ್ಪ ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಹಾಕಿದರು. ತಿಳಿನೀಲಿ ಬಟ್ಟೆ ಅದರೊಳಗೇ ಹೋಯಿತು. ಗೋಡೆಯ ಸೀಮೆಸುಣ್ಣದ ಗುರುತನ್ನು ಯಾರೂ ಒರೆಸಲಿಲ್ಲ. ಸಂಜೆ ಕರೆಂಟು ಹೋಗಿ ಬಂತು. ಕೆಳಗಿನಿಂದ ದನಿ ಕೇಳಿಸಿತು: "ಏ ಮಾಂತೇಶ, ಮೋಟ್ರು ಆಫ್ ಮಾಡೋ."

ಅವನು ಹೋಗಿ ಆಫ್ ಮಾಡಿ ಬಂದ. ಅಕ್ಕನನ್ನು ಬಸ್ಸಿಗೆ ಬಿಟ್ಟು ಬರುವಾಗ ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಕೊಂಡಿಗೆ ನೇತುಹಾಕಿದ.

ಅಂದು ಅವನು ಕಳೆದುಕೊಂಡದ್ದು ಒಬ್ಬ ಹೆಂಡತಿ, ಹೆಸರಿಡದ ಒಂದು ಹೆಣ್ಣುಮಗು, ಒಂದು ಹೊತ್ತಿನ ಬಿಸಿ ಊಟ, ಒಂದು ಬಹುವಚನ, ಒಂದು ಹಾಡು.